ಹೋಮರನ ತಲೆ ಶೆಲ್ಫಿನಲ್ಲಿ ಕೂರಲಿಲ್ಲ

2005ರ ಆಗಸ್ಟಿನಲ್ಲಿ ಅಮೆರಿಕದ ಅಂಗಡಿಗಳಿಗೆ ಒಂದು ಹಳದಿ ತಲೆ ಬಂತು. ಹೋಮರ್ ಸಿಂಪ್ಸನ್ನನ ತಲೆ. ಪ್ಲಾಸ್ಟಿಕ್ಕಿನದು. ಬಿಚ್ಚಿದರೆ ಒಳಗೆ ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಆರನೇ ಸೀಸನ್ನಿನ ಡಿವಿಡಿಗಳು. ಮಾರುವವರು ಇದನ್ನು ಭಾರಿ ಐಡಿಯಾ ಅಂದುಕೊಂಡಿರಬೇಕು. ಆ ಕಾರ್ಟೂನಿನ ಮನೆಯ ಅಪ್ಪ ಹೋಮರ್ ಅಂದ್ರೆ ಜನಕ್ಕೆ ಪ್ರಾಣ. ಅವನ ತಲೆಯನ್ನೇ ಕೈಗೆ ಕೊಟ್ಟರೆ ಇನ್ನೇನು ಬೇಕು, ಅಲ್ವಾ?

ಜನಕ್ಕೆ ಬೇಕಾಗಿದ್ದದ್ದು ಹಳೇ ರಟ್ಟಿನ ಬಾಕ್ಸು.

ಮೊದಲ ಸೀಸನ್ 2001ರಲ್ಲಿ ಡಿವಿಡಿಯಾಗಿ ಬಂದಾಗಿನಿಂದ ಐದನೆಯದರವರೆಗೂ ಎಲ್ಲ ನೆಟ್ಟಗೆ ನಿಲ್ಲುವ ಬಾಕ್ಸುಗಳೇ. ಅಭಿಮಾನಿಗಳು ಅವನ್ನು ಒಂದರ ಪಕ್ಕ ಒಂದು ಜೋಡಿಸಿ, ಮುಂದಿನದಕ್ಕೆ ಜಾಗ ಬಿಟ್ಟು ಕಾಯುತ್ತಿದ್ದರು. ಆ ಜಾಗಕ್ಕೆ ಬಂದಿದ್ದು ತಲೆ. ಅಡುಗೆಮನೆಯಲ್ಲಿ ಸಾಲಾಗಿಟ್ಟ ಸ್ಟೀಲ್ ಡಬ್ಬಿಗಳ ನಡುವೆ ಯಾರೋ ಒಂದು ಮಣ್ಣಿನ ಹೂಜಿ ತಂದು ತುರುಕಿದ ಹಾಗಾಯಿತು. ಹೂಜಿಯೇನೋ ಚೆನ್ನಾಗಿದೆ. ಆದ್ರೆ ಇಲ್ಲಿಗ್ಯಾಕೆ?

ದೂರುಗಳು ಶುರುವಾದವು. ಕೊನೆಗೆ ಕಂಪನಿ, ತಲೆ ಬೇಡದವರು ಬರೆದು ಕೇಳಿದರೆ ಮಾಮೂಲಿ ಬಾಕ್ಸ್ ಕಳಿಸಿಕೊಡುವ ಏರ್ಪಾಟು ಮಾಡಿತು. ಒಳಗಿನ ಡಿಸ್ಕ್ ಅದೇ, ಎಪಿಸೋಡ್ ಅದೇ. ಬರೀ ಖಾಲಿ ಡಬ್ಬಿಗೋಸ್ಕರ ಜನ ಅರ್ಜಿ ಹಾಕಿದರು. ಆಮೇಲಿನ ಸೀಸನ್‌ಗಳಿಗೆ ಮಾರ್ಜ್, ಮ್ಯಾಗಿ, ಲೀಸಾ, ಬಾರ್ಟ್ ಹೀಗೆ ಮನೆಮಂದಿಯ ತಲೆಗಳೆಲ್ಲ ಒಂದೊಂದಾಗಿ ಬಂದವು. ಆದರೆ ಪಕ್ಕದಲ್ಲೇ ಮಾಮೂಲಿ ಬಾಕ್ಸೂ ಸಿಗತೊಡಗಿತು. ಮಾರ್ಜ್ ತಲೆ ಅಂದ ತಕ್ಷಣ ಆ ನೀಲಿ ಗೋಪುರದ ಕೂದಲು ಕಣ್ಣಮುಂದೆ ಬಂದು, ನನಗಂತೂ ಶೆಲ್ಫುಗಳ ಮೇಲೇ ಕನಿಕರ ಹುಟ್ಟಿತು.

ಈ ಜಗಳ ಕೇಳಿದವರು ನಗುತ್ತಾರೆ. ನನಗೂ ನಗು ಬರುತ್ತದೆ. ಆದರೆ ಸ್ವಲ್ಪ ಯೋಚಿಸಿ. ಈ ಜನ ಟಿವಿಯಲ್ಲಿ ಪುಕ್ಕಟೆಯಾಗಿ ಎಲ್ಲವನ್ನೂ ನೋಡಿ ಮುಗಿಸಿದವರು. ಮಾತು ಮಾತೂ ಬಾಯಿಪಾಠ. ಹಾಗಿದ್ದೂ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಯಾಕೆ? ಒಂದು ಕಾರಣ, ಮರುಪ್ರಸಾರದಲ್ಲಿ ಜಾಹೀರಾತಿಗೆ ಜಾಗ ಮಾಡಲು ಅಲ್ಲೊಂದು ಇಲ್ಲೊಂದು ದೃಶ್ಯ ಕತ್ತರಿಸುತ್ತಿದ್ದರು. ಡಿಸ್ಕಿನಲ್ಲಿ ಪೂರ್ತಿ ಇರುತ್ತದೆ. ಇನ್ನೊಂದು, ಕಾಮೆಂಟರಿ. ಒಂದೊಂದು ಎಪಿಸೋಡಿಗೂ ಬರೆದವರು, ನಿರ್ದೇಶಿಸಿದವರು ಒಟ್ಟಿಗೆ ಕೂತು, ಚಿತ್ರ ಓಡುತ್ತಿರುವಾಗಲೇ ಹರಟೆ ಹೊಡೆಯುತ್ತಾರೆ. ಈ ಜೋಕ್ ಯಾರದ್ದು, ಆ ದೃಶ್ಯಕ್ಕೆ ಯಾಕೆ ಕತ್ತರಿ ಬಿತ್ತು, ಎಲ್ಲ ಬರುತ್ತದೆ. ಮಧ್ಯೆ ಮಧ್ಯೆ ಮಾತು ಮರೆತು ತಾವು ಬರೆದ ಜೋಕಿಗೆ ತಾವೇ ನಗುತ್ತಾರೆ. ಇಪ್ಪತ್ತೆರಡು ನಿಮಿಷದ ಕಾರ್ಟೂನನ್ನು ಅಭಿಮಾನಿ ಮೊದಲು ಒಮ್ಮೆ ನೋಡಿ, ಆಮೇಲೆ ಈ ಹರಟೆಗೋಸ್ಕರ ಇನ್ನೊಮ್ಮೆ ನೋಡುತ್ತಾನೆ.

ನಮ್ಮ ಅಣ್ಣಾವ್ರು ಅಭಿಮಾನಿಗಳನ್ನು ದೇವರು ಅಂದರು. ಸಿಂಪ್ಸನ್ಸ್ ಬರೆಯುವವರು ಅಷ್ಟು ದೊಡ್ಡ ಮನಸ್ಸು ಮಾಡಲಿಲ್ಲ. ಅವರು ಅಭಿಮಾನಿಗಳನ್ನು ಕಥೆಯೊಳಗೇ ಎಳೆದು ತಂದು ಗೇಲಿ ಮಾಡಿದರು. 1997ರ ಒಂದು ಎಪಿಸೋಡಿನಲ್ಲಿ ಒಬ್ಬ ಅಭಿಮಾನಿ ಎದ್ದು ನಿಂತು, ಆ ಕಥೆಯೊಳಗಿನ ಜನ ಟಿವಿಯಲ್ಲಿ ನೋಡುವ ಕಾರ್ಟೂನಿನಲ್ಲಿ ಇಲಿ ಬೆಕ್ಕಿನ ಪಕ್ಕೆಲುಬನ್ನು ವಾದ್ಯದಂತೆ ನುಡಿಸುವಾಗ ಒಂದೇ ಎಲುಬಿಗೆ ಎರಡು ಸಲ ಹೊಡೆದರೂ ಎರಡು ಬೇರೆ ಬೇರೆ ಸ್ವರ ಬಂದದ್ದು ಹೇಗೆ ಎಂದು ಕೇಳುತ್ತಾನೆ. ಸಿಟ್ಟಿನಲ್ಲೇ ಕೇಳುತ್ತಾನೆ. ಅದೇ ಎಪಿಸೋಡಿನಲ್ಲಿ ಕಾಮಿಕ್ಸ್ ಅಂಗಡಿಯ ದಢೂತಿ ಆಸಾಮಿ, ಇಂಥಾ ಕೆಟ್ಟ ಎಪಿಸೋಡು ಇದುವರೆಗೆ ಬಂದೇ ಇಲ್ಲ ಎಂದು ತೀರ್ಪು ಕೊಡುತ್ತಾನೆ. ಇಷ್ಟು ವರ್ಷ ನಿನಗೆ ಪುಕ್ಕಟೆ ಮನರಂಜನೆ ಕೊಟ್ಟಿದ್ದಾರಲ್ಲಪ್ಪಾ, ಅವರು ನಿನಗೆ ಏನು ಬಾಕಿ ಇಟ್ಟುಕೊಂಡಿದ್ದಾರೆ ಅಂತ ಬಾರ್ಟ್ ಕೇಳಿದರೆ, ಆಸಾಮಿ ಒಂಚೂರೂ ಬಗ್ಗುವುದಿಲ್ಲ. ಅಭಿಮಾನಿಗಳು ಈ ಎಪಿಸೋಡನ್ನೂ ಬಹಳ ಇಷ್ಟಪಟ್ಟರು. ತಮ್ಮನ್ನೇ ಬೈದದ್ದು ಅಂತ ಗೊತ್ತಿದ್ದೂ.

ನನಗೆ ಈ ಡಿಸ್ಕುಗಳ ಪರಿಚಯ ಆಗಿದ್ದು ಭಾವನ ಕಡೆಯಿಂದ. ಅಮೆರಿಕದಿಂದ ಬರುವಾಗ ಎಲ್ಲರೂ ಚಾಕ್ಲೇಟು, ಬಾದಾಮಿ ತಂದರೆ ಭಾವ ನಾಲ್ಕನೇ ಸೀಸನ್ನಿನ ಬಾಕ್ಸ್ ತಂದಿದ್ದರು. “ನೋಡು, ಇದ್ರಲ್ಲಿ ಮೋನೋರೈಲ್ ಎಪಿಸೋಡಿದೆ, ನಿಂಗೆ ಇಷ್ಟ ಆಗತ್ತೆ” ಅಂದರು. ನಮ್ಮನೆ ಪ್ಲೇಯರಿಗೆ ಹಾಕಿದರೆ ಅದು ಉಗಿದು ಹೊರಗೆ ಹಾಕಿತು. ಅಮೆರಿಕದ ಡಿವಿಡಿ ರೀಜನ್ ಒಂದು, ನಮ್ಮದು ರೀಜನ್ ಐದು. ಸಿನಿಮಾ ಕಂಪನಿಗಳು ಭೂಮಿಯನ್ನು ಹೀಗೆ ಪಾಲು ಮಾಡಿಕೊಂಡಿದ್ದವು. ಒಂದು ಪಾಲಿನ ಡಿಸ್ಕ್ ಇನ್ನೊಂದು ಪಾಲಿನ ಪ್ಲೇಯರಿನಲ್ಲಿ ಓಡಬಾರದು. ಭಾವನಿಗೆ ಮುಖ ಚಿಕ್ಕದಾಯಿತು. ಎಸ್.ಪಿ. ರೋಡಿನಲ್ಲಿ ಒಬ್ಬ ಹುಡುಗ ರಿಮೋಟ್ ಇಸಕೊಂಡು, ಟ್ರೇ ತೆಗೆದು, ಯಾವುದೋ ನಾಲ್ಕು ನಂಬರ್ ಒತ್ತಿ, “ಆಯ್ತು ಸಾರ್, ಇನ್ಮೇಲೆ ಯಾವ್ ದೇಶದ್ದಾದ್ರೂ ಹಾಕಿ” ಅಂದ. ದುಡ್ಡು ಕೇಳಲಿಲ್ಲ. ಒಂದು ಕೇಬಲ್ ತಗೊಳ್ಳಿ ಅಂದ, ತಗೊಂಡೆ.

ಆ ಬಾಕ್ಸಿನಲ್ಲೇ ಡಫ್ ಬಿಯರ್ ಕಾರ್ಖಾನೆಯ ದೃಶ್ಯ ಇದೆ. ಹೋಮರ್ ಕಾರ್ಖಾನೆ ನೋಡಲು ಹೋಗುತ್ತಾನೆ. ಮೂರು ದೊಡ್ಡ ಡ್ರಮ್ಮುಗಳು. ಒಂದರ ಮೇಲೆ ಡಫ್ ಅಂತ ಬರೆದಿದೆ, ಇನ್ನೊಂದರ ಮೇಲೆ ಡಫ್ ಲೈಟ್, ಮತ್ತೊಂದರ ಮೇಲೆ ಡಫ್ ಡ್ರೈ. ಮೇಲೆ ನೋಡಿದರೆ ಮೂರಕ್ಕೂ ಬರುವುದು ಒಂದೇ ಪೈಪು. ಯಾರೂ ಏನೂ ಹೇಳುವುದಿಲ್ಲ. ಪೈಪು ಕಂಡವರು ನಗಬೇಕು, ಕಾಣದವರು ಮುಂದೆ ಹೋಗಬೇಕು.

2019ರ ನವೆಂಬರಿನಲ್ಲಿ ಇಂಟರ್ನೆಟ್ಟಿನಲ್ಲಿ ನೋಡುವ ಡಿಸ್ನಿ ಪ್ಲಸ್ ಶುರುವಾಗಿ ಸಿಂಪ್ಸನ್ಸ್ ಅಲ್ಲಿಗೆ ಬಂದಾಗ ಆ ಪೈಪು ಮಾಯವಾಗಿತ್ತು. ಕಾರಣ ತೀರಾ ಸರಳ. ಹಳೇ ಟಿವಿಯ ಚಿತ್ರ ನಾಲ್ಕಕ್ಕೆ ಮೂರು, ಅಂದರೆ ಅಗಲ ನಾಲ್ಕಾದರೆ ಎತ್ತರ ಮೂರು. ಈಗಿನ ಟಿವಿ ಹದಿನಾರಕ್ಕೆ ಒಂಬತ್ತು. ಹಳೇ ಚಿತ್ರವನ್ನು ಹದಿನಾರು ಅಗಲಕ್ಕೆ ಹಿಗ್ಗಿಸಿದರೆ ಎತ್ತರ ಹನ್ನೆರಡಾಗುತ್ತದೆ. ಪರದೆಯಲ್ಲಿ ಇರುವುದು ಒಂಬತ್ತೇ. ಉಳಿದ ಮೂರು, ಅಂದರೆ ಚಿತ್ರದ ಕಾಲು ಭಾಗ, ಮೇಲೆ ಕೆಳಗೆ ಕತ್ತರಿಗೆ ಹೋಗುತ್ತದೆ. ಇಷ್ಟೆಲ್ಲ ಯಾಕೆ ಅಂದ್ರೆ, ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಚೆನ್ನಾಗಿ ಕಾಣಲ್ಲ ಅಂತ. ಕಪ್ಪು ಪಟ್ಟಿ ಬರದಿರಲಿ ಅಂತ ಜೋಕನ್ನೇ ಕತ್ತರಿಸಿದರು. ಡ್ರಮ್ಮುಗಳಿವೆ, ಹೋಮರ್ ಇದ್ದಾನೆ, ಪೈಪಿಲ್ಲ. ಅಭಿಮಾನಿಗಳು ಡಿವಿಡಿಯ ಚಿತ್ರವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಆಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. 2020ರ ಮೇ ತಿಂಗಳಲ್ಲಿ ಹಳೇ ಅಳತೆಯಲ್ಲೇ ನೋಡುವ ಆಯ್ಕೆ ಬಂತು. ಒಂದು ಬಿಯರ್ ಪೈಪಿನಿಂದ ಅಷ್ಟು ದೊಡ್ಡ ಕಂಪನಿ ಮಣಿದದ್ದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ.

ಇದಕ್ಕಿಂತ ಮುಂಚೆಯೇ ಜಪಾನಿನ ‘ಡ್ರ್ಯಾಗನ್ ಬಾಲ್ ಝಡ್’ಗೂ ಇದೇ ಗತಿಯಾಗಿತ್ತು. 2007ರಲ್ಲಿ ಅಮೆರಿಕದಲ್ಲಿ ಕಿತ್ತಳೆ ಬಣ್ಣದ ಬಾಕ್ಸುಗಳಲ್ಲಿ ಬಂದ ಡಿವಿಡಿಗಳಲ್ಲಿ ಚಿತ್ರವನ್ನು ಅಗಲ ಪರದೆಗೆ ಕತ್ತರಿಸಿದ್ದರು. ಅಭಿಮಾನಿಗಳು ಆ ಬಾಕ್ಸುಗಳಿಗೆ ಕಿತ್ತಳೆ ಇಟ್ಟಿಗೆ ಅಂತ ಹೆಸರಿಟ್ಟರು. ಆ ಕಾರ್ಟೂನು ಗೊತ್ತಿರುವವರಿಗೆ ನೋವು ಅರ್ಥವಾಗುತ್ತದೆ. ಅದರ ವೀರರ ಶಕ್ತಿಯೆಲ್ಲ ಕೂದಲಿನಲ್ಲೇ ಕಾಣುವುದು. ಸಿಟ್ಟು ನೆತ್ತಿಗೇರಿದಾಗ ಕೂದಲು ಎದ್ದು ನಿಂತು ಬಂಗಾರದ ಬಣ್ಣಕ್ಕೆ ತಿರುಗಬೇಕು. ಅಲ್ಲಿಗೇ ಕತ್ತರಿ ಹಾಕಿದರೆ?

ಕಣ್ಣಿಗೆ ಕಾಣುವುದನ್ನು ಕತ್ತರಿಸಿದರೆ ಹೀಗೆ. ಕಿವಿಗೆ ಕೇಳುವುದನ್ನು ತೆಗೆದರೆ ಇನ್ನೊಂದು ಥರ. ‘ಡಾರಿಯಾ’ ಎಂಬ ಕಾರ್ಟೂನು ಎಂಟಿವಿಯಲ್ಲಿ 1997ರಿಂದ 2002ರವರೆಗೆ ಬಂತು. ಮೂತಿ ಸೊಟ್ಟ ಮಾಡಿಕೊಂಡು ಎಲ್ಲರನ್ನೂ ಚುಚ್ಚುವ ಹೈಸ್ಕೂಲು ಹುಡುಗಿ. ಹಿನ್ನೆಲೆಯಲ್ಲಿ ಆ ಕಾಲದ ಹಾಡುಗಳ ತುಣುಕುಗಳು. ಸಂಗೀತದ ಚಾನೆಲ್ಲೇ ಆದ್ದರಿಂದ ಟಿವಿಗೆ ತೊಂದರೆ ಇರಲಿಲ್ಲ. ಡಿಸ್ಕಿನಲ್ಲಿ ಮಾರಬೇಕು ಅಂದರೆ ಒಂದೊಂದು ತುಣುಕಿಗೂ ಮತ್ತೆ ಹಕ್ಕು ಕೊಳ್ಳಬೇಕು, ಮತ್ತೆ ದುಡ್ಡು. ಹಾಗಾಗಿ ಅಭಿಮಾನಿಗಳು 2010ರವರೆಗೆ ಕಾದರು. ಕೊನೆಗೂ ಬಾಕ್ಸ್ ಬಂತು, ಆದರೆ ಹೆಚ್ಚುಕಮ್ಮಿ ಎಲ್ಲ ಹಾಡುಗಳ ಜಾಗದಲ್ಲಿ ಬೇರೇನೋ ಸಂಗೀತ. ಡಾರಿಯಾವನ್ನು ರೂಪಿಸಿದವರಲ್ಲಿ ಒಬ್ಬರಾದ ಗ್ಲೆನ್ ಐಕ್ಲರ್ ಅವರೇ ಬಾಕ್ಸಿನಲ್ಲಿ ಒಂದು ಚೀಟಿ ಇಟ್ಟು, ಹಾಡುಗಳ ಹಕ್ಕಿಗೆ ದುಡ್ಡು ಕೊಡಲು ಹೋಗಿದ್ದರೆ ಈ ಬಾಕ್ಸೇ ಬರುತ್ತಿರಲಿಲ್ಲ ಅಂತ ವಿವರಿಸಿದರು. ಜನ ಚೀಟಿ ಓದಿದರು, ಒಪ್ಪಿದರು, ಕೊಂಡರು, ಆದರೂ ಗೊಣಗಿದರು. ಕೆಲವರು ಹಳೇ ವಿಡಿಯೊ ಕ್ಯಾಸೆಟ್ಟುಗಳನ್ನು ಹುಡುಕಿ ತೆಗೆದು, ಯಾವ ಗಳಿಗೆಯಲ್ಲಿ ಯಾವ ಹಾಡಿತ್ತು ಅಂತ ಪತ್ತೆ ಹಚ್ಚಿ, ತಮ್ಮ ಪಾಡಿಗೆ ತಾವು ಹಾಡುಗಳನ್ನು ವಾಪಸ್ ಜೋಡಿಸಿಕೊಂಡರು. ಇಂಥವರಿಗೆ ಕೆಲಸವಿಲ್ಲ ಅಂತ ಹೇಳುವುದು ಸುಲಭ. ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಯಾಕೆ ಅಂದ್ರೆ ನಾವು ಈ ವಿಷಯದಲ್ಲಿ ತೀರಾ ಸಾಧು ಜನ. ಹಳೇ ಕನ್ನಡ ಸಿನಿಮಾದ ವಿಸಿಡಿಗಳು ಹೇಗಿರುತ್ತಿದ್ದವು ನೆನಪಿದೆಯಾ? ನಾಯಕಿ ಕಣ್ಣೀರು ಹಾಕುತ್ತಿರುವಾಗ ಅವಳ ಕೆನ್ನೆ ಮೇಲೆ ಕಂಪನಿಯ ಲೋಗೋ. ಕೆಳಗೆ ಓಡುವ ಅಂಗಡಿ ವಿಳಾಸ. ಒಂದನೇ ಡಿಸ್ಕ್ ಹಾಡಿನ ಚರಣದ ಮಧ್ಯೆ ಮುಗಿದು, ಉಳಿದ ಅರ್ಧ ಎರಡನೇ ಡಿಸ್ಕಿನಲ್ಲಿ. ಯಾರಾದರೂ ದೂರು ಬರೆದದ್ದು ನಾನು ಕೇಳಿಲ್ಲ. ಸುಮ್ನೆ ಎದ್ದು ಹೋಗಿ ಡಿಸ್ಕ್ ಬದಲಾಯಿಸಿ ಬಂದು ಕೂತೆವು. ಇನ್ನು ಕಾರ್ಟೂನಿನ ಮಾತು ಎತ್ತುವ ಹಾಗೇ ಇಲ್ಲ. 2009ರಲ್ಲಿ ಚಿಂಟು ಟಿವಿ ಬಂದಮೇಲೆ ನಮ್ಮ ಮಕ್ಕಳಿಗೆ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡುವುದು ಕೇಳಿಸಿತು. ಆಗ ನೋಡಿದ ಮಕ್ಕಳು ಈಗ ಕೆಲಸಕ್ಕೆ ಹೋಗುವ ವಯಸ್ಸಿನವರು, ಆ ದನಿಗಳನ್ನು ಇನ್ನೂ ಅನುಕರಿಸಿ ನಗಿಸುತ್ತಾರೆ. ಆ ದನಿಗಳ ಬಾಕ್ಸ್ ಸೆಟ್ ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ಡಬ್ಬಿಯ ಆಕಾರ ಸರಿಯಿಲ್ಲ ಅಂತ ಜಗಳ ಕಾಯಲಿಕ್ಕೆ ಮೊದಲು ಡಬ್ಬಿ ಇರಬೇಕಲ್ಲ.

ಅಮೆರಿಕದವರ ಗೊಣಗಾಟಕ್ಕೆ ಬೆಲೆ ಬಂದದ್ದು ಸುಮ್ಮನೆ ಅಲ್ಲ, ಜೊತೆಗೆ ದುಡ್ಡೂ ಬಿಚ್ಚಿದರು. ‘ಫ್ಯಾಮಿಲಿ ಗೈ’ ಎಂಬ ಇನ್ನೊಂದು ಕಾರ್ಟೂನಿನ ಕಥೆ ನೋಡಿ. 2002ರಲ್ಲಿ ಫಾಕ್ಸ್ ಚಾನೆಲ್ ಅದನ್ನು ನಿಲ್ಲಿಸಿತು. ಮುಂದಿನ ವರ್ಷ ಹಳೇ ಎಪಿಸೋಡುಗಳು ಡಿವಿಡಿಯಲ್ಲಿ ಬಂದಾಗ 22 ಲಕ್ಷ ಸೆಟ್ ಹೋದವು. ಆ ವರ್ಷ ಟಿವಿ ಕಾರ್ಯಕ್ರಮಗಳ ಡಿವಿಡಿಗಳಲ್ಲಿ ಅದೇ ಮೊದಲು. ತಡರಾತ್ರಿಯ ಮರುಪ್ರಸಾರಕ್ಕೂ ಜನ ಮುಗಿಬಿದ್ದರು. ಚಾನೆಲ್ಲಿನವರು ಕಣ್ಣುಜ್ಜಿಕೊಂಡು ಲೆಕ್ಕ ನೋಡಿ, 2005ರ ಮೇನಲ್ಲಿ ಕಾರ್ಟೂನನ್ನು ವಾಪಸ್ ಕರೆತಂದರು. ಬಂದ ಮೊದಲ ಎಪಿಸೋಡಿನ ಶುರುವಿನಲ್ಲೇ ಆ ಮನೆಯ ಅಪ್ಪ ಪೀಟರ್ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಈ ನಡುವೆ ಅದೇ ಚಾನೆಲ್ ಶುರುಮಾಡಿ ಮುಚ್ಚಿದ ಕಾರ್ಯಕ್ರಮಗಳ ಹೆಸರನ್ನೆಲ್ಲ ಒಂದೊಂದಾಗಿ ಓದುತ್ತಾನೆ. ಪಟ್ಟಿ ಮುಗಿಯುವುದೇ ಇಲ್ಲ. ಅಷ್ಟು ಹಾಯಾದ ಸೇಡು ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಎಲ್ಲ ಕಾಲ ಒಂದೇ ಥರ ಇರುತ್ತಾ? ಡಿಸ್ಕ್ ಕೊಳ್ಳುವವರು ಕಮ್ಮಿಯಾದರು. 2015ರ ಏಪ್ರಿಲಿನಲ್ಲಿ ಸಿಂಪ್ಸನ್ಸ್ ಡಿವಿಡಿ ಇನ್ನು ಬರುವುದಿಲ್ಲ ಅಂತ ನಿರ್ಮಾಪಕ ಆಲ್ ಜೀನ್ ತಿಳಿಸಿದರು. ಅಷ್ಟೊತ್ತಿಗೆ ಹದಿನೇಳನೇ ಸೀಸನ್ ಬಂದಿತ್ತು. ಇಲ್ಲಿ ಒಂದು ತಮಾಷೆ ಇದೆ. 2010ರ ಜನವರಿಯಲ್ಲಿ, ಇಪ್ಪತ್ತು ವರ್ಷದ ಸಂಭ್ರಮ ಅಂತ, ಹದಿಮೂರನೆಯದಕ್ಕೂ ಮುಂಚೆ ಇಪ್ಪತ್ತನೇ ಸೀಸನ್ನನ್ನು ಅವಸರದಲ್ಲಿ ತಂದಿದ್ದರು. ಕಾಮೆಂಟರಿಯನ್ನೂ ಹಾಕಿರಲಿಲ್ಲ. ಈಗ ನಿಲ್ಲಿಸಿಬಿಟ್ಟರೆ ಏನಾಗುತ್ತದೆ? ಶೆಲ್ಫಿನಲ್ಲಿ ಒಂದರಿಂದ ಹದಿನೇಳು, ಆಮೇಲೆ ಎರಡು ಬಾಕ್ಸಿನಷ್ಟು ಖಾಲಿ ಜಾಗ, ಆಮೇಲೆ ಇಪ್ಪತ್ತು. ಡಬ್ಬಿಯ ಆಕಾರಕ್ಕೇ ರಂಪ ಮಾಡಿದ ಜನ ಇದನ್ನು ಬಿಡುತ್ತಾರಾ? ಕಾರ್ಯಕ್ರಮ ಒಂದು ಕಡೆ ಇರಲಿ, ಆ ಖಾಲಿ ಜಾಗ ನೋಡಿಕೊಂಡು ನಿದ್ದೆ ಮಾಡುವುದು ಹೇಗೆ?

ಒತ್ತಾಯ ನಿಲ್ಲಲಿಲ್ಲ. 2017ರ ಡಿಸೆಂಬರಿನಲ್ಲಿ ಹದಿನೆಂಟು ಬಂತು. 2019ರ ಡಿಸೆಂಬರಿನಲ್ಲಿ ಹತ್ತೊಂಬತ್ತೂ ಬಂತು. ಅಷ್ಟರಲ್ಲಿ ಡಿಸ್ನಿ ಪ್ಲಸ್‌ನಲ್ಲಿ ಎಲ್ಲವೂ ಒಂದು ಬಟನ್ನಿಗೆ ಸಿಗುತ್ತಿತ್ತು, ಆದರೂ ಕೊಂಡರು. ಹತ್ತು ವರ್ಷ ಒಂಟಿಯಾಗಿ ನಿಂತಿದ್ದ ಇಪ್ಪತ್ತಕ್ಕೆ ಕೊನೆಗೂ ಪಕ್ಕದಲ್ಲಿ ಒಬ್ಬರು ಸಿಕ್ಕರು.

ಡಿವಿಡಿಯವರಿಗೆ ಸಮಾಧಾನವಾಯಿತು. ಬ್ಲೂ-ರೇ, ಅಂದರೆ ಡಿವಿಡಿಗಿಂತ ಸ್ಪಷ್ಟವಾಗಿ ಚಿತ್ರ ತೋರಿಸುವ ಡಿಸ್ಕ್, ಕೊಳ್ಳುತ್ತಿದ್ದವರ ಹತ್ತಿರ ಹದಿಮೂರರಿಂದ ಹದಿನೇಳು ಇದ್ದವು, ಇಪ್ಪತ್ತೂ ಇತ್ತು. ಹದಿನೆಂಟು, ಹತ್ತೊಂಬತ್ತು ಬಂದಿದ್ದು ಡಿವಿಡಿಯಲ್ಲಿ ಮಾತ್ರ. ಅವರನ್ನು ಮಾತಾಡಿಸಲು ಹೋಗಬೇಡಿ.