ಠ ಅಂದ್ರೆ ಠಸ್ಸೆ

ನಮ್ಮ ಮನೆಯ ಬೀರುವಿನ ಬಾಗಿಲ ಮೇಲೆ ಒಂದು ವರ್ಷದಿಂದ ಒಬ್ಬ ಅರಸ ಕೂತಿದ್ದಾನೆ. ಕಿರೀಟ, ಹುರಿ ಮೀಸೆ, ಕೈಯಲ್ಲೊಂದು ಗುಲಾಬಿ. ಅವನ ಪಕ್ಕ ಆನೆ, ಆಮೇಲೆ ಇಲಿ, ಈಶ. ಪ್ಲಾಸ್ಟಿಕ್ ಹೊದಿಸಿದ ಆ ವರ್ಣಮಾಲೆ ಚಾರ್ಟನ್ನು ತಂದು ಅಂಟಿಸಿದ್ದು ನಾನೇ. ನಾಲ್ಕೂವರೆ ವರ್ಷದ ಮಗಳಿಗೆ 49 ಅಕ್ಷರ ಕಲಿಸುವುದು ಏನು ಮಹಾ ಅಂದುಕೊಂಡಿದ್ದೆ. ಚಿತ್ರ ತೋರಿಸು, ಹೆಸರು ಹೇಳಿಸು, ಮೊದಲ ಅಕ್ಷರದ ಮೇಲೆ ಬೆರಳಿಡಿಸು. ಮುಗೀತಲ್ಲ.

ಆದರೆ ಚಿತ್ರ ಬಾಯಿಬಿಟ್ಟು ತನ್ನ ಹೆಸರು ಹೇಳುವುದಿಲ್ಲ. ಛ ಪಕ್ಕ ಛತ್ರಿ ಇದೆ. ನಮ್ಮ ಮನೆಯಲ್ಲಿ ಅದು ಕೊಡೆ. "ಛ ಕೊಡೆ" ಅಂದಳು, ಒಂಚೂರೂ ಅಳುಕದೆ. ಋಷಿಗೆ ಗಡ್ಡ ಇತ್ತು, "ಋ ತಾತ" ಆಯಿತು. ಉಡವನ್ನು ನೋಡಿ "ಉ ಹಲ್ಲಿ" ಅಂದಳು. ಉಡವನ್ನು ನಾನೂ ನೋಡಿಲ್ಲ, ಹಾಗಾಗಿ ಜಾಸ್ತಿ ವಾದ ಮಾಡಲಿಲ್ಲ. ಠ ಹತ್ತಿರ ಬಂದಾಗ ಮಾತ್ರ ಸೋತೆ. ಮರದ ಹಿಡಿಯ ಠಸ್ಸೆ ಅವಳ ಕಣ್ಣಿಗೆ ಸುತ್ತಿಗೆ. "ಸುತ್ತಿಗೆ ಅಲ್ಲ ಕಣೇ, ಸೀಲು" ಅಂದೆ. "ಹಾಗಾದ್ರೆ ಸ ಅಲ್ವಾ?" ಅಂದಳು.

ಅವಳದೇನೂ ತಪ್ಪಿಲ್ಲ. ಚಾರ್ಟಿನ ಊರಿನಲ್ಲಿ ಅರಸ, ಖಡ್ಗ, ರಥ, ಡಮರು ಎಲ್ಲಾ ಇವೆ. ಮಿಕ್ಸಿ ಇಲ್ಲ, ಆಟೋ ಇಲ್ಲ. ಅಕ್ಷರಕ್ಕೆ ಒಗ್ಗಿದವರಿಗಷ್ಟೇ ಅಲ್ಲಿ ಮನೆ. ಣ, ಳ ಎರಡಕ್ಕೂ ಪದದ ಮುಂದೆ ನಿಲ್ಲುವ ಯೋಗವಿಲ್ಲ. ಅದಕ್ಕೇ ಬಾಣದ ಬಾಲದಲ್ಲಿ, ತಾಳದ ತುದಿಯಲ್ಲಿ ಕೆಂಪು ಬಣ್ಣ ಹಚ್ಚಿಸಿಕೊಂಡು ನಿಂತಿವೆ. ಙ, ಞ ಪಕ್ಕ ಖಾಲಿ ಚೌಕ. "ಇವಕ್ಕೆ ಯಾಕಪ್ಪ ಏನೂ ಇಲ್ಲ?" ಅಂತ ಮಗಳು ಎರಡು ದಿನ ಕೇಳಿದಳು. ಮೂರನೇ ದಿನ ಸ್ಕೆಚ್ ಪೆನ್ನಿನಲ್ಲಿ ಎರಡಕ್ಕೂ ಒಂದೊಂದು ಲಾಡು ಬರೆದುಕೊಟ್ಟಳು.

ಅಷ್ಟರಲ್ಲಿ ಸ್ಕೂಲಿನಿಂದ ಎ ಫಾರ್ ಆ್ಯಪಲ್ ಕೂಡ ಮನೆಗೆ ಬಂತು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ಕ ಅಂದರೆ ಕ, ಅಷ್ಟೇ. ಇಂಗ್ಲಿಷಿನ ಡಬ್ಲ್ಯೂ ಅನ್ನುವ ಹೆಸರಿನಲ್ಲಿ ವಾಟರಿನ ವ ಎಲ್ಲಿ ಕೇಳುತ್ತದೆ ಹೇಳಿ! ಮಗಳು ಎರಡನ್ನೂ ಕಲಸಿ "ಎ ಫಾರ್ ಎಲೆ" ಮಾಡಿಕೊಂಡಳು. ನನಗಂತೂ ಅದೇ ಸರಿ ಅನ್ನಿಸಿತು.

ಇನ್ನು ನಮ್ಮಮ್ಮ. ನಾಗಮಂಗಲದ ಕಡೆಯವರು. ಆ ಕಡೆ ಹಳ್ಳಿಗಳಲ್ಲಿ ಹಕಾರಕ್ಕೆ ಜಾಸ್ತಿ ಕೆಲಸ ಕೊಡುವುದಿಲ್ಲ. ಮೊಮ್ಮಗಳನ್ನು ತೊಡೆಮೇಲೆ ಕೂರಿಸಿಕೊಂಡು, "ನೋಡು ಮಗ, ಅಸ. ಆಲು ಕೊಡ್ತದೆ" ಅಂದರು. ಮಗಳು ಹಸುವಿನ ಮೇಲಿದ್ದ ಬೆರಳನ್ನು ಎತ್ತಿ ಸೀದಾ ಅ ಮೇಲೆ ಇಟ್ಟಳು. ಅರಸನ ಅರಮನೆಗೆ ಹಸು ನುಗ್ಗಿತು. ಅಮ್ಮನನ್ನು ತಿದ್ದಲೋ, ಮಗಳನ್ನು ತಿದ್ದಲೋ? ಸುಮ್ನೆ ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡೆ.

ನಮ್ಮಕ್ಕ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರು, ಅಂದರೆ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆಯಲ್ಲೇ ಕಲಿಸುವ ಪದ್ಧತಿಯವಳು. ಬೇಸಿಗೆ ರಜೆಗೆ ಬಂದವಳು ಚಾರ್ಟು ನೋಡಿ ನಕ್ಕಳು. "ಅ ಇಂದಲೇ ಶುರು ಮಾಡ್ಬೇಕು ಅಂತ ಯಾರಪ್ಪ ಹೇಳಿದ್ದು ನಿಂಗೆ?" 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ಅವರ ನಲಿಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದುಗಡೆ ಒಂದೊಂದು ಅಕ್ಷರ ಬರೆದು ಮಿಂಚುಪಟ್ಟಿ ಮಾಡಿದಳು. ಚಿತ್ರ ಗಿತ್ರ ಏನೂ ಇಲ್ಲ. ನೆಲದ ಮೇಲೆ ಹರಡಿದಳು. ಐದೇ ಅಕ್ಷರ, ಕಾಗುಣಿತದ ಗೊಡವೆಯಿಲ್ಲ, ಆಗಲೇ ಸರ, ದರ, ಅಗಸ, ದಸರ ಎಲ್ಲಾ ಸಿಕ್ಕಿಬಿಟ್ಟವು. ಗರಗಸಕ್ಕೆ ಒಂದು ಗ ಸಾಲಲಿಲ್ಲ, ಇನ್ನೊಂದು ಪತ್ರಿಕೆ ಕತ್ತರಿಸಬೇಕಾಯಿತು. ಆಮೇಲೆ ಅಕ್ಕ ಮೂರು ಪಟ್ಟಿ ಜೋಡಿಸಿಟ್ಟು ಸುಮ್ಮನೆ ಕೂತಳು. ಮಗಳು ಬೆರಳಿಟ್ಟು "ಅ... ರ... ಸ..." ಅಂದಳು. ಮತ್ತೊಮ್ಮೆ ಸ್ವಲ್ಪ ಬೇಗ ಅಂದಳು. ಆಮೇಲೆ ತಲೆಯೆತ್ತಿ ಬೀರುವಿನ ಬಾಗಿಲು ನೋಡಿದಳು. ವರ್ಷದಿಂದ ಅಲ್ಲೇ ಕೂತಿದ್ದವನು ಅವತ್ತೇ ಬಂದ ಹಾಗೆ.

ಠ ಮಾತ್ರ ಬಾಕಿ ಇತ್ತು. ಮೊನ್ನೆ ಆರ್‌ಡಿ ಕಟ್ಟಲು ಅಂಚೆ ಕಚೇರಿಗೆ ಹೋದಾಗ ಅವಳೂ ಜೊತೆಗೆ ಬಂದಿದ್ದಳು. ಕೌಂಟರಿನ ಹಿಂದೆ ಒಬ್ಬರು ಲಕೋಟೆಗಳ ರಾಶಿ ಇಟ್ಟುಕೊಂಡು ಠಪ್ ಠಪ್ ಅಂತ ಸೀಲು ಹೊಡೆಯುತ್ತಿದ್ದರು. ಮರದ ಹಿಡಿ, ಕೆಳಗೆ ಕಪ್ಪು ಲೋಹ. ಮಗಳು ನನ್ನ ಅಂಗಿ ಜಗ್ಗಿ, "ಅಪ್ಪ, ಠ! ಠ!" ಅಂತ ಕೂಗಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ವಿಷಯ ಹೇಳಿದೆ. ಸೀಲು ಹೊಡೆಯುತ್ತಿದ್ದವರು ನಕ್ಕು, "ಕೈ ಚಾಚಮ್ಮ" ಅಂದು ಅಂಗೈಗೆ ಮೆತ್ತಗೆ ಒಂದು ಠಸ್ಸೆ ಒತ್ತಿದರು. ತಾರೀಖು ಕಲಸಿಹೋಗಿತ್ತು. ದುಂಡಗೆ ಒಂದು ಗೆರೆ, ನಡುವೆ ಒಂದು ಕಪ್ಪು ಚುಕ್ಕೆ ಉಳಿದಿತ್ತು. ಹೆಚ್ಚುಕಮ್ಮಿ ಠ ಥರವೇ ಕಾಣುತ್ತಿತ್ತು.

ರಾತ್ರಿ ಊಟಕ್ಕೆ ಕೈ ತೊಳೆಯಲು ಒಪ್ಪಲಿಲ್ಲ. ಅಮ್ಮನೇ ಅನ್ನ ಕಲಸಿ ತುತ್ತು ಕೊಟ್ಟರು. "ತಿನ್ನು ಮಗ, ಉಳ್ಳಿಸಾರು, ಒಳ್ಳೇದು." ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಗಳು ಚಾರ್ಟಿನ ಕಡೆ ಬೆರಳು ಮಾಡಿದಳು. "ಉ ಉಳ್ಳಿಸಾರು." ಉಡಕ್ಕಿಂತ ವಾಸಿ. ನಾನು ಇನ್ನೊಂದು ಸೌಟು ಬಡಿಸಿಕೊಂಡೆ.