ಎರಡು ಬೈ ಐದು ಹೋಳಿಗೆ

ಐದನೇ ಕ್ಲಾಸಿನ ನನ್ನ ಮಗ ಭಿನ್ನರಾಶಿ ಕೂಡಿದರೆ ಯಾರಿಗೂ ಭೇದಭಾವ ಇಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. 1/2 + 1/3 = 2/5.

"ಅಲ್ವೋ, ಅರ್ಧ ಹೋಳಿಗೆ ತಿಂದ ಮೇಲೆ ಇನ್ನೊಂದಿಷ್ಟು ತಿಂದೆ. ಒಟ್ಟು ಅರ್ಧಕ್ಕಿಂತ ಕಮ್ಮಿ ಹೇಗಾಗತ್ತೆ?" ಅಂದೆ. ಶುಗರ್ ಇರುವ ನನ್ನ ಗಂಡನಿಗೆ ಮಾತ್ರ ಆ ಲೆಕ್ಕ ಬಹಳ ಹಿಡಿಸಿತು.

ಮಗ ಬಗ್ಗಲಿಲ್ಲ. ಟೆಸ್ಟ್ ಪೇಪರ್ ತಂದು ಹರಡಿದ. "ಇಲ್ನೋಡು, 7/10, 16/20. ಮಿಸ್ಸೇ ಕೂಡಿ 23/30 ಅಂತ ಬರ್ದಿದಾರೆ. ಅವರು ಕೆಳಗಿಂದೂ ಕೂಡಬಹುದು, ನಾನು ಕೂಡಬಾರ್ದಾ?" ಮುಂದೆ ವಕೀಲನಾಗುವ ಲಕ್ಷಣ. ಅಂಕದ ಲೆಕ್ಕದಲ್ಲಿ ಒಟ್ಟು ಪ್ರಶ್ನೆಗಳೇ ಮೂವತ್ತಕ್ಕೆ ಬೆಳೆಯುತ್ತವೆ. ಇಲ್ಲಿ ಹೋಳಿಗೆ ಒಂದೇ, ತುಂಡಿನ ಅಳತೆ ಬೇರೆ. ಎರಡನ್ನೂ ಆರರ ತುಂಡು ಮಾಡಿದರೆ 3/6, 2/6, ಕೂಡಿದರೆ 5/6 ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಡುಗೆಮನೆಯಿಂದಲೇ "ಹದಿಮೂರಾಣೆ ನಾಲ್ಕು ಪೈ" ಅಂದರು.

1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂದದ್ದನ್ನು ಅವರಿನ್ನೂ ಪೂರ್ತಿ ಒಪ್ಪಿಲ್ಲ. ಅದಕ್ಕೂ ಮೊದಲು ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, ಒಟ್ಟು 192. ಇಡೀ ಹೋಳಿಗೆ ಒಂದು ರೂಪಾಯಿ ಅಂದುಕೊಳ್ಳಿ. ಅರ್ಧ 96, ಮೂರರಲ್ಲೊಂದು 64, ಕೂಡಿದರೆ 160. ಸರಿಯಾಗಿ ಆರರಲ್ಲಿ ಐದು ಪಾಲು! ಛೇದ ಬೇರೆಯಾದರೆ ಲ.ಸಾ.ಅ. (ಎಲ್ಲ ಛೇದಗಳಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಹಿಡಿಯುವ ಕ್ರಮವನ್ನು ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಹೇಳಿಟ್ಟಿದ್ದ. ನಮ್ಮ ಊಟದ ಟೇಬಲ್ಲಿಗೆ ಬರುವುದು ಸ್ವಲ್ಪ ತಡವಾಯಿತು, ಅಷ್ಟೆ.

ಕೊನೆಗೆ ಕಳೆಯುವ ಲೆಕ್ಕಕ್ಕೆ ಇಳಿದೆ. "ನಿನ್ನ ತಟ್ಟೇಲಿ ಅರ್ಧ ಹೋಳಿಗೆ. ಇಡೀ ಹೋಳಿಗೆಯ ಮೂರನೇ ಒಂದರಷ್ಟನ್ನ ಅದರಿಂದ ಮುರಿದು ತಂಗಿಗೆ ಕೊಟ್ಟೆ. ನಿನಗೆಷ್ಟು ಉಳೀತು?"

ತನ್ನ ಪದ್ಧತಿಯಲ್ಲೇ ಹೊರಟ. ಮೇಲೆ ಒಂದರಲ್ಲಿ ಒಂದು ಹೋದರೆ ಸೊನ್ನೆ. ಕೆಳಗೆ ಎರಡರಲ್ಲಿ ಮೂರು... ಪೆನ್ಸಿಲ್ ನಿಂತಿತು. ಕೆಳಗಿನ ಕಷ್ಟ ಹಾಗಿರಲಿ, ಮೇಲೆ ಸೊನ್ನೆ ಅಂದರೆ ತನಗೆ ಏನೂ ಇಲ್ಲ ಅಂತ ಹೊಳೆದದ್ದೇ ತಡ, ರಬ್ಬರಿಗೆ ಕೈ ಹಾಕಿದ. 3/6 − 2/6 = 1/6. ಆ ಆರನೇ ಒಂದನ್ನು ಬಾಯಿಗೆ ಹಾಕಿಕೊಂಡು ಅದೇ ಕೈಯಲ್ಲಿ ಉತ್ತರದ ಕೆಳಗೆ ಗೆರೆ ಎಳೆದ.

ಮರುದಿನ ಮಿಸ್ಸು ಉತ್ತರಕ್ಕೆ ರೈಟ್ ಹಾಕಿ, ಪಕ್ಕದ ತುಪ್ಪದ ಕಲೆಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪೋಷಕರ ಸಹಿ ಕೇಳಿದ್ದರು.