ಜಗಳಕ್ಕೆ ಮುಂಚೆಯೇ ವಕೀಲರು

ಅಪ್ಪ ತೀರಿಕೊಂಡಾಗ ತಿಪಟೂರಿನ ತೋಟದ ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು. ವಂಶವೃಕ್ಷ, ಪೌತಿ ಖಾತೆ ಅಂತ ನಾನಿರುವ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಿಂದ ಮೂರು ಸಲ ಊರಿಗೆ ಓಡಾಡಿದೆ. ಉಯಿಲು ಇರಲಿಲ್ಲ. ಆ ಮಾತೆತ್ತಿದರೆ ಸಾಕು, ಅಪ್ಪ "ಬಿಡ್ತು ಅನ್ನು" ಎನ್ನುತ್ತಿದ್ದರು.

ಆ ಓಡಾಟ ಮುಗಿದ ಮೇಲೆ ನನ್ನ ಉಯಿಲು ಬರೆಸಲು ಇಲ್ಲಿನ ವಕೀಲರೊಬ್ಬರ ಬಳಿ ಹೋದೆ. ಮೂರೇ ಜನರ ಕಚೇರಿ. ಮನೆ ಪತ್ರ, ಬೇಲಿ ತಕರಾರು, ಉಯಿಲು, ಟ್ರಸ್ಟ್ ದಿನದ ಕೆಲಸ. ಫೆಡರಲ್, ಅಂದರೆ ಕೇಂದ್ರದ, ಮೇಲ್ಮನವಿ ಕೋರ್ಟಿನಲ್ಲೂ ವಾದಿಸುತ್ತಾರೆ. ಇಷ್ಟು ಚಿಕ್ಕ ಕಚೇರಿಯಿಂದ ಅಲ್ಲಿಗೆ ಹೇಗೆ ಅಂತ ಆಶ್ಚರ್ಯಪಟ್ಟಿದ್ದೆ. ಅಲ್ಲಿ ಹೊಸ ಸಾಕ್ಷಿ ಇಲ್ಲ, ಕೆಳಗಿನ ಕೋರ್ಟಿನ ದಾಖಲೆಯಷ್ಟೇ. ಸಾಮಾನ್ಯ ಸಿವಿಲ್ ಕೇಸಿನಲ್ಲಿ ತೀರ್ಪು ಬಂದ 30 ದಿನದೊಳಗೆ ಮೇಲ್ಮನವಿಯ ನೋಟಿಸ್ ಹಾಕಬೇಕು. ಮುಖ್ಯ ವಾದಪತ್ರಕ್ಕೆ 13,000 ಪದಗಳ ಮಿತಿ. ಎಷ್ಟೋ ಕೇಸುಗಳಲ್ಲಿ ಬಾಯಿಮಾತಿನ ವಾದವೇ ಇರುವುದಿಲ್ಲ, ಮೂವರು ನ್ಯಾಯಾಧೀಶರು ಓದಿ ತೀರ್ಮಾನಿಸುತ್ತಾರೆ. ಅಂದರೆ ಚೆನ್ನಾಗಿ ಬರೆಯಬಲ್ಲವರಿಗೆ ದೊಡ್ಡ ಕಚೇರಿ ಬೇಕಿಲ್ಲ.

ನಮ್ಮ ಹೆನೆಪಿನ್ ಕೌಂಟಿಯದೇ (ಕೌಂಟಿ ಅಂದರೆ ಇಲ್ಲಿನ ಜಿಲ್ಲೆ) ಒಂದು ಕೇಸು ಹೇಳಬೇಕು. ಜೆರಾಲ್ಡಿನ್ ಟೈಲರ್ ಎಂಬ ಅಜ್ಜಿ ಅಪಾರ್ಟ್‌ಮೆಂಟಿನ ತೆರಿಗೆ ಸುಮಾರು 2,300 ಡಾಲರ್ ಬಾಕಿ ಉಳಿಸಿಕೊಂಡಿದ್ದರು. ದಂಡ, ಬಡ್ಡಿ ಸೇರಿ ಅದು ಸುಮಾರು 15,000 ಆಯಿತು. ಕೌಂಟಿ ಮನೆಯನ್ನು 40,000ಕ್ಕೆ ಮಾರಿ, ಉಳಿದ 25,000 ಡಾಲರನ್ನೂ ತಾನೇ ಇಟ್ಟುಕೊಂಡಿತು. ಕೆಳಗಿನ ಕೋರ್ಟಿನಲ್ಲಿ ಸೋಲು, ನಮ್ಮ ಭಾಗದ ಫೆಡರಲ್ ಮೇಲ್ಮನವಿ ಕೋರ್ಟಾದ ಎಂಟನೇ ಸರ್ಕ್ಯೂಟಿನಲ್ಲೂ ಸೋಲು. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದೇ ಧ್ವನಿಯಲ್ಲಿ ಅಜ್ಜಿಯ ಪರ ನಿಂತಿತು. ಆಗ ಅವರಿಗೆ 94 ವರ್ಷ! ನಮ್ಮ ವಕೀಲರು ಈ ಕಥೆ ಹೇಳಿ, "ಉಯಿಲು ಬರೆಸಲು ಬರುವ ವಯಸ್ಸಾದವರನ್ನು ನಾನು ಮೊದಲು ಕೇಳುವುದು ತೆರಿಗೆ ರಸೀದಿ" ಎಂದರು. ಕೋರ್ಟಿನಲ್ಲಿ ಕಲಿತದ್ದು ಹೀಗೆ ಮೇಜಿನ ಬಳಿ ಕೂತವರಿಗೆ ದಕ್ಕುತ್ತದೆ.

ಹಾಗಂತ ಇಲ್ಲಿಯದೇ ಎಲ್ಲ ಮೇಲು ಎನ್ನಲಾರೆ. ಇಲ್ಲಿ ಅಪ್ಪ-ಅಮ್ಮ ಬೆಳೆದ ಮಕ್ಕಳಿಗೆ ಚಿಕ್ಕಾಸೂ ಕೊಡದೆ ಉಯಿಲು ಬರೆಯಬಹುದು. ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು. ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಈ ಹಕ್ಕು ಕೊಟ್ಟಿತು. 2005ರಲ್ಲಿ ದೇಶದ ಎಲ್ಲ ಹಿಂದೂ ಹೆಣ್ಣುಮಕ್ಕಳಿಗೂ ಬಂತು. ತಂಗಿಯ ಹೆಸರು ನನ್ನ ಹೆಸರಿನ ಜೊತೆ ಪಹಣಿಯಲ್ಲಿ ಕಂಡಾಗ ಹೆಮ್ಮೆಯಾಯಿತು. ಎಷ್ಟು ಮನೆಗಳಲ್ಲಿ ಅಕ್ಕತಂಗಿಯರಿಂದ ಸುಮ್ನೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ, ಅಲ್ವಾ?

ಊರಿನ ವಕೀಲರಿಗೆ ತಿಳಿವಳಿಕೆ ಕಡಿಮೆ ಇಲ್ಲ. ಜಮೀನಿನ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ಆದರೆ ನಾವು ಅವರ ಬಳಿ ಹೋಗುವುದೇ ಜಗಳ ಹೊತ್ತುಕೊಂಡು. ಆಮೇಲೆ ವಾಯಿದೆ ಮೇಲೆ ವಾಯಿದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮ ಮಿನ್ನೆಸೋಟದಲ್ಲೂ ಅದೇ, 1925ರ ನಮ್ಮ ಉತ್ತರಾಧಿಕಾರ ಕಾಯ್ದೆಯಲ್ಲೂ ಅದೇ. ಇಲ್ಲಿ ನನ್ನನ್ನು ಎರಡು ಗಂಟೆ ಕೂರಿಸಿ, ಮಕ್ಕಳು ಯಾರ ಜೊತೆ ಇರಬೇಕು, ನನಗೆ ಪ್ರಜ್ಞೆ ತಪ್ಪಿದರೆ ಆಸ್ಪತ್ರೆಯಲ್ಲಿ ಯಾರ ಮಾತು ನಡೆಯಬೇಕು ಅಂತ ಕೇಳಿದರು. ಊರಲ್ಲೂ ವಕೀಲರಿಗೆ ಫೀಸು ಕೊಟ್ಟು ಇಂಥ ಒಂದು ಮಧ್ಯಾಹ್ನ ಕೂರಬೇಕು.

ಹೋದ ಬೇಸಿಗೆಯಲ್ಲಿ ಅಮ್ಮನಿಗೆ ಇದನ್ನೇ ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಾಫಿ ಕೊಡುತ್ತಾ, "ಬಾವಿ ನೀರು ನಿಮ್ಮಿಬ್ರಿಗೂ ಸೇರ್ಬೇಕು ಅಂತ ಬರೆಸು ಕಣಪ್ಪ" ಎಂದರು.